ಯಾವ ದೇಶದ ಇಂಗ್ಲಿಷ್ ಆದ್ರೂ ಕಿವಿಗೆ ಸಿಗ್ಬೇಕಾ? ಸ್ವರಗಳನ್ನ ಹಿಡಿಯೋ ಕ್ರಮ ಹೀಗೆ

ಅಮೆರಿಕನ್ ನ್ಯೂಸ್ ಆರಾಮಾಗಿ ಅರ್ಥ ಆಗೋರಿಗೂ ಸ್ಕಾಟ್ಲೆಂಡಿನ ಗ್ಲಾಸ್ಗೋದವ್ರು ಮಾತಾಡಿದ್ರೆ ಅರ್ಧಕ್ಕರ್ಧ ತಪ್ಪಿ ಹೋಗತ್ತೆ, ನ್ಯೂಜಿಲೆಂಡಿನ ಆಕ್ಲೆಂಡಿನವ್ರು ಫೋನಲ್ಲಿ ಸಿಕ್ಕಿದ್ರೆ ಒಂದೇ ಮಾತನ್ನ ಎರಡೆರಡು ಸಲ ಕೇಳ್ಬೇಕಾಗತ್ತೆ, ಆಗೆಲ್ಲ ನಾವು ಹೇಳೋದು ಒಂದೇ, ತುಂಬಾ ಫಾಸ್ಟಾಗಿ ಮಾತಾಡ್ತಾರೆ ಅಂತ. ಬಹಳ ಸಲ ತೊಂದ್ರೆ ಇರೋದು ಸ್ಪೀಡಲ್ಲಿ ಅಲ್ಲ ಕಣ್ರೀ, ಸ್ವರದಲ್ಲಿ. ಪ, ಮ, ಸ ಥರದ ವ್ಯಂಜನಗಳು ಎಲ್ಲಿ ಹೋದ್ರೂ ಹೆಚ್ಚುಕಮ್ಮಿ ಹಾಗೇ ಇರತ್ವೆ, ಸ್ವರ ಮಾತ್ರ ಊರಿಂದೂರಿಗೆ ಜಾಗ ಬದಲಾಯಿಸ್ತಾ ಹೋಗತ್ತೆ. ಆದ್ರೆ ಒಂದು ಅನುಕೂಲ ಇದೆ, ಇಡೀ ಈ ಲೇಖನ ನಿಂತಿರೋದೇ ಅದ್ರ ಮೇಲೆ: ಸ್ವರ ಒಂದೊಂದ್ ಪದದಲ್ಲಿ ಒಂದೊಂದ್ ಥರ ಬದಲಾಗಲ್ಲ, ಒಂದು ಗುಂಪಿನ ಪದಗಳೆಲ್ಲ ಒಟ್ಟಿಗೇ ಕದಲತ್ವೆ. ಒಂದು ಪದ ಹೇಗೆ ಬದಲಾಗಿದೆ ಅಂತ ಗೊತ್ತಾದ್ರೆ ಆ ಗುಂಪಿನ ನೂರಾರು ಪದ ತಾನಾಗೇ ಅರ್ಥ ಆಗಕ್ಕೆ ಶುರು ಆಗತ್ತೆ.

ಹೆಜ್ಜೆ 1: ಸ್ಪೆಲ್ಲಿಂಗ್ ಪಕ್ಕಕ್ಕಿಡಿ

ಇಂಗ್ಲಿಷಲ್ಲಿ ಸ್ವರಕ್ಕೆ ಅಂತ ಇರೋ ಅಕ್ಷರ ಐದು, ದಕ್ಷಿಣ ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಮಾತಲ್ಲಿರೋ ಸ್ವರ ಸುಮಾರು 20, ಸ್ಕಾಟ್ಲೆಂಡಿಗೆ ಹೋದ್ರೆ ಅದಕ್ಕಿಂತ ಎಷ್ಟೋ ಕಡಿಮೆ. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ಉದ್ದ ಸ್ವರಗಳೆಲ್ಲ ಜಾಗ ಬಿಟ್ಟು ಕದಲಿದ್ವು, ಇದಕ್ಕೆ ಗ್ರೇಟ್ ವೊವೆಲ್ ಶಿಫ್ಟ್ ಅಂತಾರೆ. ಅದು ನಡೀತಾ ಇರೋವಾಗ್ಲೇ 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಲ್ಲಿ ಪ್ರಿಂಟಿಂಗ್ ಪ್ರೆಸ್ ಶುರು ಮಾಡಿದ್ರು, ಅಲ್ಲಿಂದ ಮುಂದಕ್ಕೆ ಸ್ಪೆಲ್ಲಿಂಗ್ ನಿಧಾನಕ್ಕೆ ಅಚ್ಚಲ್ಲಿ ಗಟ್ಟಿಯಾಗ್ತಾ ಬಂತು, ಜನರ ಬಾಯಿ ಮಾತ್ರ ಬದಲಾಗ್ತಾನೇ ಹೋಯ್ತು. ಮನೆಗೆ ಮೊದ್ಲು 'ಹೂಸ್' ಅಂತಿದ್ರು, ಲಂಡನ್ನಲ್ಲಿ ಅದು 'ಹೌಸ್' ಆಯ್ತು, ಸ್ಕಾಟ್ಸ್ ಮಾತಲ್ಲಿ ಇವತ್ತಿಗೂ 'ಹೂಸ್' ಅಂತಾನೇ ಇದೆ. ಹಾಗಾಗಿ ಕೇಳೋವಾಗ ತಲೇಲಿ ಸ್ಪೆಲ್ಲಿಂಗ್ ಬರ್ಕೊಂಡು ಕೂರ್ಬೇಡಿ, ಅದು ಕಿವಿನ ದಾರಿ ತಪ್ಪಿಸತ್ತೆ.

ಹೆಜ್ಜೆ 2: ಪದಗಳನ್ನ ಗುಂಪು ಮಾಡ್ಕೊಳ್ಳಿ

ಈ ಕೆಲಸ ನೀವು ಸೊನ್ನೆಯಿಂದ ಮಾಡ್ಬೇಕಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿದ್ದ ಜಾನ್ ವೆಲ್ಸ್ ಅನ್ನೋ ಧ್ವನಿವಿಜ್ಞಾನಿ 1982ರಲ್ಲಿ ಇಂಗ್ಲಿಷ್ ಸ್ವರಗಳಿಗೆ 24 ಕೀವರ್ಡ್ ಕೊಟ್ರು, ಒಂದೊಂದು ಕೀವರ್ಡೂ ಒಂದೊಂದು ಗುಂಪಿನ ಹೆಸರು. ಪದಗಳನ್ನ ಅವ್ರು ಆರಿಸಿರೋ ರೀತಿ ನಂಗೆ ಬಹಳ ಇಷ್ಟ, ಯಾವ ಆಕ್ಸೆಂಟಲ್ಲಿ ಹೇಳಿದ್ರೂ ಇನ್ನೊಂದು ಪದ ಅಂತ ತಪ್ಪು ತಿಳಿಯೋಕೆ ಆಗ್ಬಾರ್ದು ಅಂತ ಹುಡುಕಿ ಹುಡುಕಿ ಇಟ್ಟಿದಾರೆ. ಇಪ್ಪತ್ನಾಲ್ಕೂ ಮೊದಲ ದಿನಾನೇ ಬೇಡ, ಒಂದು ಹಾಳೆ ತಗೊಂಡು ಇಷ್ಟು ಬರ್ಕೊಳ್ಳಿ ಸಾಕು: ಕಿಟ್, ಡ್ರೆಸ್, ಟ್ರ್ಯಾಪ್, ಬಾತ್, ಲಾಟ್, ಥಾಟ್, ಸ್ಟ್ರಟ್, ಫುಟ್, ಗೂಸ್, ಫೇಸ್, ಗೋಟ್, ಪ್ರೈಸ್, ಮೌತ್, ನರ್ಸ್. ಒಂದೊಂದರ ಕೆಳಗೂ ಅದೇ ಸ್ವರ ಇರೋ ನಾಲ್ಕೈದು ದಿನಬಳಕೆ ಪದ ಸೇರ್ಸಿ. ಸ್ಟ್ರಟ್ ಕೆಳಗೆ ಕಪ್, ಬಸ್, ಲವ್, ಮನಿ. ಫೇಸ್ ಕೆಳಗೆ ಡೇ, ಮೇಕ್, ಟ್ರೇನ್, ಎಯ್ಟ್, ಹೀಗೆ. ಇನ್ಮುಂದೆ ಯಾರ ಮಾತು ಕೇಳಿದ್ರೂ ಈ ಹಾಳೆ ಎದುರಿಗಿರ್ಲಿ.

ಹೆಜ್ಜೆ 3: ಬಾತ್ ಗುಂಪು ಕೇಳಿಸ್ಕೊಳ್ಳಿ

ಇದ್ರಿಂದಾನೇ ಶುರು ಮಾಡಿ, ಕಿವಿಗೆ ಬೇಗ ಬೀಳತ್ತೆ. ಬಾತ್, ಗ್ರಾಸ್, ಗ್ಲಾಸ್, ಲಾಸ್ಟ್, ಆಸ್ಕ್, ಲಾಫ್, ಆಫ್ಟರ್, ಡಾನ್ಸ್, ಇವೆಲ್ಲ ಲಂಡನ್ ಸುತ್ತಮುತ್ತ ಗಂಟಲ ಹಿಂದಿಂದ ಬರೋ ಉದ್ದ ಆ. ಅಮೆರಿಕಕ್ಕೆ ಹೋದ್ರೆ ಎಲ್ಲಾ ಟ್ರ್ಯಾಪ್ ಗುಂಪಿಗೇ ಸೇರ್ಕೊಂಡಿವೆ, ಬ್ಯಾತ್, ಗ್ರ್ಯಾಸ್, ಲ್ಯಾಸ್ಟ್, ಲ್ಯಾಫ್. ಲೀಡ್ಸ್, ಮ್ಯಾಂಚೆಸ್ಟರ್ ಕಡೆ ಅಂದ್ರೆ ಉತ್ತರ ಇಂಗ್ಲೆಂಡಲ್ಲೂ ಎರಡೂ ಗುಂಪಿಗೆ ಒಂದೇ ಸ್ವರ, ಆದ್ರೆ ಅದು ಅಮೆರಿಕದ 'ಆ್ಯ' ಥರ ಇರಲ್ಲ, ನಮ್ಮ ಆ-ಕಾರವನ್ನ ಅರ್ಧಕ್ಕೇ ನಿಲ್ಲಿಸಿದ್ರೆ ಹೇಗೋ ಹಾಗಿರತ್ತೆ, ಚಿಕ್ಕದಾಗಿ ಚುರುಕಾಗಿ. ಅಲ್ಲೂ ಹಾಫ್, ಕಾಂಟ್, ಫಾದರ್ ಅನ್ನೋ ಪದಗಳಿಗೆ ಉದ್ದ ಆ ಇರತ್ತೆ, ಅದನ್ನ ಕೇಳಿ ಇವ್ರು ದಕ್ಷಿಣದವ್ರು ಅಂತ ತೀರ್ಮಾನ ಮಾಡ್ಬೇಡಿ.

ಈ ಗುಂಪಿನ ಇನ್ನೊಂದು ಗುಣ ಏನಂದ್ರೆ ದಕ್ಷಿಣ ಇಂಗ್ಲೆಂಡಲ್ಲೂ ನಿಯಮ ಅರ್ಧಂಬರ್ಧ. ಪಾಸ್ ಉದ್ದ, ಪ್ಯಾಸೆಂಜರ್ ಗಿಡ್ಡ, ಕ್ಲಾಸ್ ಉದ್ದ, ಕ್ಲ್ಯಾಸಿಕ್ ಗಿಡ್ಡ, ಗ್ರಾಸ್ ಉದ್ದ ಆದ್ರೆ ಗ್ಯಾಸ್ ಗಿಡ್ಡ. ಒಂದೊಂದಾಗಿ ಬದಲಾಗ್ತಾ ಬಂದ ಪದಗಳು ಎಲ್ಲೋ ಒಂದು ಕಡೆ ನಿಂತ್ಬಿಟ್ಟಿವೆ, ಇದನ್ನ ರೂಲ್ ಹುಡುಕಿ ಕಲಿಯೋಕೆ ಹೋಗ್ಬೇಡಿ, ಪದ ಪದ ಕೇಳಿ ಕಲೀರಿ. ಈ ಉದ್ದ ಆ ದಕ್ಷಿಣ ಇಂಗ್ಲೆಂಡಲ್ಲಿ ಬೇರೂರೋ ಹೊತ್ತಿಗೆ ಅಮೆರಿಕಕ್ಕೆ ಹೋದವ್ರು ಹೋಗಿ ನೆಲೆಸಿ ಆಗಿತ್ತು, ಆಸ್ಟ್ರೇಲಿಯಾಕ್ಕೆ ಬ್ರಿಟಿಷರು ಹೋಗಿದ್ದು 1788ರಲ್ಲಿ, ಅದಕ್ಕೇ ಆಸ್ಟ್ರೇಲಿಯಾದಲ್ಲಿ ಗ್ರಾಸ್, ಪಾತ್, ಆಸ್ಕ್ ಉದ್ದವೇ. ಆದ್ರೆ ಅಲ್ಲಿನ ಆ ಬಾಯಿಯ ಮುಂಭಾಗದಿಂದ ಬರತ್ತೆ, ಲಂಡನ್ನಿನಷ್ಟು ಹಿಂದಿಂದ ಅಲ್ಲ. ಡಾನ್ಸ್, ಪ್ಲಾಂಟ್, ಚಾನ್ಸ್ ಮಾತ್ರ ಆಸ್ಟ್ರೇಲಿಯಾದೊಳಗೇ ಬೇರೆ ಬೇರೆ, ಅಡಿಲೇಡ್ ಕಡೆ ಉದ್ದ ಆ ಜಾಸ್ತಿ ಕೇಳತ್ತೆ.

ಹೆಜ್ಜೆ 4: ಕಪ್ ಮತ್ತೆ ಬುಕ್ ಒಂದೇ ಸ್ವರಾನಾ?

ಯಾರಾದ್ರೂ ಕಪ್ ಅನ್ನೋದನ್ನ 'ಕುಪ್' ಅಂತ, ಬಸ್ ಅನ್ನೋದನ್ನ 'ಬುಸ್' ಅಂತ ಹೇಳ್ತಿದ್ರೆ ಅವ್ರು ಉತ್ತರ ಇಂಗ್ಲೆಂಡ್ ಅಥವಾ ಮಿಡ್‌ಲ್ಯಾಂಡ್ಸ್ (ಇಂಗ್ಲೆಂಡಿನ ನಡುಭಾಗ) ಕಡೆಯವ್ರಾಗಿರೋ ಸಾಧ್ಯತೆ ಬಹಳ. ಮೊದ್ಲು ಇಂಗ್ಲೆಂಡಲ್ಲೆಲ್ಲಾ ಈ ಪದಗಳಿಗೆ ಉ ಸ್ವರವೇ ಇತ್ತು, 17ನೇ ಶತಮಾನದ ಹೊತ್ತಿಗೆ ದಕ್ಷಿಣದಲ್ಲಿ ಅದು ಒಡೆದು ಎರಡಾಯ್ತು, ಉತ್ತರದಲ್ಲಿ ಒಡೀಲಿಲ್ಲ. ಅಂದ್ರೆ ಉತ್ತರದವ್ರು ಕೆಡಿಸಿದಾರೆ ಅಂತ ಅನ್ನೋರು ಇದನ್ನ ಉಲ್ಟಾ ತಿಳ್ಕೊಂಡಿದಾರೆ, ಹಳೇದನ್ನ ಉಳಿಸ್ಕೊಂಡಿರೋರು ಅವ್ರೇ. ಅಲ್ಲಿ ಲಕ್ (ಅದೃಷ್ಟ), ಲುಕ್ (ನೋಡು) ಎರಡೂ ಎಷ್ಟೋ ಜನರ ಬಾಯಲ್ಲಿ ಒಂದೇ.

ಸ್ಕಾಟ್ಲೆಂಡಲ್ಲಿ ಕಪ್ ಬುಕ್ ಬೇರೆ ಬೇರೆನೇ, ಆದ್ರೆ ಅಲ್ಲಿ ಸೇರ್ಕೊಂಡಿರೋದು ಇನ್ನೊಂದು ಜೋಡಿ, ಫುಟ್ ಮತ್ತೆ ಗೂಸ್. ಪುಲ್ (ಎಳೆ), ಪೂಲ್ (ಕೊಳ) ಒಂದೇ ಥರ, ಗುಡ್ ಮತ್ತೆ ಮೂಡ್ ಪ್ರಾಸ ಆಗತ್ವೆ. ಆ ಸ್ವರಾನೂ ನಮ್ಮ ಊ ಥರ ಹಿಂದಿಂದ ಬರಲ್ಲ, ನಾಲಿಗೆ ಮುಂದೆ ತಂದು ತುಟಿ ಗುಂಡಗೆ ಮಾಡಿ ಹೇಳ್ತಾರೆ. ಇನ್ನೂ ಒಂದು ವಿಶೇಷ, ಸ್ಕಾಟ್ಲೆಂಡಲ್ಲಿ ಸ್ವರ ಗಿಡ್ಡನೋ ಉದ್ದನೋ ಅನ್ನೋದನ್ನ ಬಹುಪಾಲು ತೀರ್ಮಾನ ಮಾಡೋದು ಮುಂದೆ ಬರೋ ವ್ಯಂಜನ. ನೀಡ್ (ಬೇಕು) ಅಂದಾಗ 'ಈ' ಸ್ವರ ಗಿಡ್ಡ, ನೀಡ್ (ಹಿಟ್ಟು ನಾದು) ಅಂದಾಗ್ಲೂ ಗಿಡ್ಡ, ಆದ್ರೆ ಮೊಣಕಾಲಿಂದ ಗುದ್ದಿದ ಅನ್ನೋ ಅರ್ಥದ ನೀಡ್‌ನಲ್ಲಿ ಉದ್ದ, ಯಾಕಂದ್ರೆ ಅಲ್ಲಿ 'ನೀ' ಅನ್ನೋ ಪದ ಮುಗಿದು ಆಮೇಲೆ ಪ್ರತ್ಯಯ ಸೇರಿದೆ.

ಹೆಜ್ಜೆ 5: ಲಾಟ್, ಥಾಟ್ ಬೇರೆ ಮಾಡ್ತಾರಾ ನೋಡಿ

ಕನ್ನಡ ಮಾತಾಡೋರಿಗೆ ಇಲ್ಲಿ ಸ್ವಲ್ಪ ಹೆಚ್ಚು ಗಮನ ಬೇಕು, ಯಾಕಂದ್ರೆ ನಾವು ಡಾಕ್ಟರ್, ಬಾಕ್ಸ್, ಶಾಪ್, ಬಾಲ್, ವಾಲ್ ಎಲ್ಲದಕ್ಕೂ ಆ ಅಂತಾನೇ ಬರೀತೀವಿ, ಎಷ್ಟೋ ಜನ ಹೇಳೋದೂ ಹಾಗೇ. ಇಂಗ್ಲೆಂಡಲ್ಲಿ ಬಾಕ್ಸ್, ಲಾಟ್ ಅಂದ್ರೆ ತುಟಿ ಸ್ವಲ್ಪ ಗುಂಡಗಾಗಿ ಬರೋ ಗಿಡ್ಡ ಸ್ವರ, ಒ ಮತ್ತೆ ಆ ಮಧ್ಯದ್ದು. ವಾಲ್, ಥಾಟ್ ಅಂದ್ರೆ ತುಟಿ ಇನ್ನೂ ಗುಂಡಗೆ, ಉದ್ದ, ನಮ್ಮ ಓ ಹತ್ರ ಹತ್ರ. ಅಮೆರಿಕದ ಬಹುಪಾಲು ಕಡೆ ಲಾಟ್ ಗುಂಪಲ್ಲಿ ತುಟಿ ಗುಂಡಗಾಗೋದೇ ಇಲ್ಲ, ಫಾದರ್ ಅನ್ನೋದ್ರಲ್ಲಿರೋ ಆ ಅಲ್ಲೂ ಇದೆ. ಅಷ್ಟೇ ಅಲ್ಲ, ಪಶ್ಚಿಮ ಅಮೆರಿಕ ಮತ್ತೆ ಕೆನಡಾದಲ್ಲಿ ಥಾಟ್ ಗುಂಪೂ ಬಂದು ಇದಕ್ಕೇ ಸೇರ್ಕೊಂಡಿದೆ, ಕಾಟ್ (ಮಂಚ), ಕಾಟ್ (ಹಿಡಿದ) ಎರಡಕ್ಕೂ ವ್ಯತ್ಯಾಸ ಇಲ್ಲ, ಡಾನ್ ಅನ್ನೋ ಹೆಸರಿಗೂ ಬೆಳಗಿನ ಜಾವದ ಡಾನ್‌ಗೂ ವ್ಯತ್ಯಾಸ ಇಲ್ಲ. ಸ್ಕಾಟ್ಲೆಂಡಲ್ಲೂ ಈ ಜೋಡಿ ಸಾಮಾನ್ಯವಾಗಿ ಒಂದೇ. ನ್ಯೂಯಾರ್ಕಿನ ಹಳೇ ಮಾತಲ್ಲಿ ಇದಕ್ಕೆ ಪೂರ್ತಿ ವಿರುದ್ಧ, ಥಾಟ್, ಕಾಫಿ ಅನ್ನೋ ಪದಗಳ ಸ್ವರ ಮೇಲಕ್ಕೇರಿ (ಅಂದ್ರೆ ನಾಲಿಗೆ ಬಾಯಲ್ಲಿ ಇನ್ನೂ ಮೇಲಕ್ಕೆ ಹೋಗಿ) 'ಕೋಅಫಿ' ಥರ ಕೇಳತ್ತೆ.

ಟೆಸ್ಟ್ ಮಾಡೋ ರೀತಿ ಸರಳ: ಕಾಲರ್ (ಅಂಗಿಯದ್ದು) ಮತ್ತೆ ಕಾಲರ್ (ಫೋನ್ ಮಾಡೋರು), ಸ್ಟಾಕ್ (ದಾಸ್ತಾನು) ಮತ್ತೆ ಸ್ಟಾಕ್ (ಗಿಡದ ಕಾಂಡ), ಈ ಜೋಡಿಗಳನ್ನ ಒಬ್ರೇ ವ್ಯಕ್ತಿಯ ಬಾಯಲ್ಲಿ ಕೇಳಿ. ಬೇರೆ ಬೇರೆಯವ್ರ ಬಾಯಲ್ಲಿ ಕೇಳಿ ಹೋಲಿಸಿದ್ರೆ ಏನೂ ಗೊತ್ತಾಗಲ್ಲ.

ಹೆಜ್ಜೆ 6: ಫೇಸ್, ಗೋಟ್ ನೆಟ್ಟಗಿದ್ಯಾ, ಜಾರತ್ತಾ?

ನಾವು ಡೇ ಅಂದಾಗ ಏ ಶುರುವಿಂದ ಕೊನೇವರೆಗೂ ಏ ಆಗೇ ಇರತ್ತೆ, ಗೋ ಅಂದಾಗ ಓ ಕೂಡ ಹಾಗೇ. ಲಂಡನ್, ನ್ಯೂಯಾರ್ಕಲ್ಲಿ ಇದು ಜಾರೋ ಸ್ವರ, ಡೇ ಅಂದ್ರೆ 'ಡೆಯ್', ಗೋ ಅಂದ್ರೆ ಅಮೆರಿಕದಲ್ಲಿ 'ಗೊವ್', ಇಂಗ್ಲೆಂಡಿನ ಸ್ಟ್ಯಾಂಡರ್ಡಲ್ಲಿ 'ಗವ್' ಥರ ಬಾಯಿ ಮಧ್ಯದಿಂದ ಶುರು ಆಗತ್ತೆ. ಆಸ್ಟ್ರೇಲಿಯಾದಲ್ಲೂ ಲಂಡನ್ನಿನ ಕಾಕ್ನಿ ಮಾತಲ್ಲೂ ಇನ್ನೂ ಅಗಲವಾಗಿ ಶುರು ಮಾಡ್ತಾರೆ, ಡೇ ಅನ್ನೋದು ಡೈ ಅಂದಂಗೆ ಕೇಳತ್ತೆ, ಮೇಟ್ ಅನ್ನೋದು ಮೈಟ್ ಅಂದಂಗೆ. ಹಾಗಾದ್ರೆ ನಿಜವಾದ ಡೈ ಏನಾಗತ್ತೆ ಅಂದ್ರೆ ಅದು 'ಡಾಯ್', 'ಡೊಯ್' ಕಡೆ ಸರಿಯತ್ತೆ, ಒಂದು ಬಂದು ಜಾಗ ಹಿಡಿದ್ರೆ ಇನ್ನೊಂದು ಎದ್ದು ಮುಂದಕ್ಕೆ ಹೋಗತ್ತೆ. ಇದನ್ನ ತಿಳ್ಕೊಂಡ್ರೆ ಅರ್ಧ ಕೆಲಸ ಆದಂಗೆ, ಯಾಕಂದ್ರೆ ಬರೀ ಒಂದು ಸ್ವರ ಬದಲಾಗಿದೆ ಅಂತ ಅಂದ್ಕೊಂಡ್ರೆ ಡೈ ಮತ್ತೆ ಡೇ ಕಲಸಿ ಹೋಗತ್ತೆ, ಇಡೀ ಸಾಲೇ ಕದಲಿದೆ ಅಂತ ಗೊತ್ತಿದ್ರೆ ಕಿವಿ ತಾನೇ ಲೆಕ್ಕ ಸರಿ ಮಾಡ್ಕೊಳತ್ತೆ.

ನೆಟ್ಟಗಿನ ಏ, ಓ ಹೇಳೋದು ತಪ್ಪು ಅಂತ ನಮಗೆ ಎಷ್ಟೋ ಜನ ಹೇಳ್ಕೊಟ್ಟಿರ್ತಾರೆ. ಸ್ಕಾಟ್ಲೆಂಡಲ್ಲಿ ಓದಿದವ್ರು, ಪ್ರೊಫೆಸರ್‌ಗಳು, ನ್ಯೂಸ್ ಓದೋರು ಎಲ್ರೂ ಹಾಗೇ ಹೇಳ್ತಾರೆ, ಐರ್ಲೆಂಡಿನ ಎಷ್ಟೋ ಕಡೆ, ಉತ್ತರ ಇಂಗ್ಲೆಂಡಿನ ಕೆಲವು ಕಡೆನೂ ಹಾಗೇ. ಇದ್ರಲ್ಲಿ ನಾಚಿಕೆ ಪಡೋಕೆ ಏನೂ ಇಲ್ಲ.

ಪ್ರೈಸ್ ಗುಂಪನ್ನ ಇಲ್ಲೇ ಸೇರ್ಸಿ ಕೇಳಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ (ಟೆಕ್ಸಸ್, ಅಲಬಾಮಾ, ಟೆನೆಸಿ ಕಡೆ) ಜಾರು ಹೋಗಿ ನೆಟ್ಟಗಾಗಿದೆ, ರೈಡ್ ಅಂದ್ರೆ 'ರಾಡ್', ಟೈಮ್ ಅಂದ್ರೆ 'ಟಾಮ್'. ಕೆನಡಾದಲ್ಲಿ ಪ, ತ, ಕ, ಸ ಥರದ ವ್ಯಂಜನದ ಮುಂಚೆ ಮಾತ್ರ ಸ್ವರ ಮೇಲಿಂದ ಶುರು ಆಗತ್ತೆ, ಹಾಗಾಗಿ ರೈಟ್ ಮತ್ತೆ ರೈಡ್‌ನ ಸ್ವರ ಬೇರೆ ಬೇರೆ, ಮೌತ್ ಗುಂಪಲ್ಲೂ ಇದೇ ಕಥೆ. ಅಬೌಟ್ ಅನ್ನೋದನ್ನ ಕೆನಡಾದವ್ರು 'ಅಬೂಟ್' ಅಂತಾರೆ ಅಂತ ಅಮೆರಿಕದವ್ರು ಹೇಳ್ತಾರಲ್ಲ, ಅದು ನಿಜವಾಗಿ 'ಅಬವ್ಟ್' ಹತ್ರದ್ದು, ಊ ಅಲ್ವೇ ಅಲ್ಲ.

ಸ್ವರ ಯಾಕೆ ಬದಲಾಗತ್ತೆ ಅನ್ನೋದಕ್ಕೂ ಈ ಎರಡು ಗುಂಪೇ ಒಳ್ಳೇ ಉದಾಹರಣೆ. ವಿಲಿಯಂ ಲಬೋವ್ ಅನ್ನೋ ಭಾಷಾವಿಜ್ಞಾನಿ ಅಮೆರಿಕದ ಮ್ಯಾಸಚೂಸೆಟ್ಸಿನ ಮಾರ್ಥಾಸ್ ವಿನ್ಯಾರ್ಡ್ ಅನ್ನೋ ದ್ವೀಪದಲ್ಲಿ ಅಧ್ಯಯನ ಮಾಡಿ 1963ರಲ್ಲಿ ಪ್ರಕಟಿಸಿದ್ರು. ಬೇಸಿಗೆಗೆ ಅಲ್ಲಿಗೆ ಹೊರಗಿನವ್ರು ಬಂದು ತುಂಬ್ಕೋತಿದ್ರು, ದ್ವೀಪದ ಚಿಲ್ಮಾರ್ಕ್ ಅನ್ನೋ ಊರಿನ ಮೀನುಗಾರರು ಪ್ರೈಸ್ ಮೌತ್ ಸ್ವರಗಳನ್ನ ಹಳೇ ದ್ವೀಪದ ರೀತಿಲಿ ಬಾಯಿ ಮಧ್ಯದಿಂದ ಹೇಳ್ತಿದ್ರು, ದ್ವೀಪದಲ್ಲೇ ಬದುಕ್ಬೇಕು ಅಂತ ಇಷ್ಟಪಟ್ಟ ಯುವಕರ ಬಾಯಲ್ಲಿ ಅದು ಜಾಸ್ತಿ ಇತ್ತು, ಬಿಟ್ಟು ಹೋಗೋ ಮನಸ್ಸಿದ್ದವ್ರಲ್ಲಿ ಕಡಿಮೆ. ಸ್ವರದಲ್ಲಿ ಊರಿನ ಮೇಲಿನ ಪ್ರೀತಿನೂ ಇರತ್ತೆ ಅನ್ನೋದು ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ಹಿಡಿಸಿದ ಮಾತು.

ಹೆಜ್ಜೆ 7: ಕಿಟ್, ಡ್ರೆಸ್, ಟ್ರ್ಯಾಪ್ ಮೂರನ್ನೂ ಒಟ್ಟಿಗೆ ಕೇಳಿ

ಬಿಡಿ ಬಿಡಿಯಾಗಿ ಕೇಳಿದ್ರೆ ನ್ಯೂಜಿಲೆಂಡ್ ಅರ್ಥ ಆಗಲ್ಲ. ಅಲ್ಲಿ ಬ್ಯಾಡ್ ಅನ್ನೋದು ನಮಗೆ 'ಬೆಡ್' ಅಂತ ಕೇಳತ್ತೆ, ಬೆಡ್ ಅನ್ನೋದು 'ಬಿಡ್' ಅಂತ, ಬಿಡ್ ಅನ್ನೋದು ಮಧ್ಯಕ್ಕೆ ಬಂದು 'ಬಡ್' ಹತ್ರ ಹೋಗತ್ತೆ. ಪೆನ್ ಕೇಳಿದ್ರೆ ಪಿನ್ ಕೊಡೋ ಹಾಗಾಗೋದು ಇದಕ್ಕೇ. ಫಿಶ್ ಮತ್ತೆ ಚಿಪ್ಸ್ ಅನ್ನೋದನ್ನ ನ್ಯೂಜಿಲೆಂಡಿನವ್ರು 'ಫಶ್, ಚಪ್ಸ್' ಅಂತಾರೆ ಅಂತ ಆಸ್ಟ್ರೇಲಿಯಾದವ್ರು ಆಡ್ಕೋತಾರೆ, ಆಸ್ಟ್ರೇಲಿಯಾದವ್ರದ್ದು 'ಫೀಶ್, ಚೀಪ್ಸ್' ಅಂತ ನ್ಯೂಜಿಲೆಂಡಿನವ್ರು ವಾಪಸ್ ಹೇಳ್ತಾರೆ, ಈ ಎರಡು ದೇಶ ಬೇರೆ ಮಾಡಕ್ಕೆ ಕಿಟ್ ಗುಂಪೊಂದೇ ಸಾಕು. ಬಿಯರ್ (ಕುಡಿಯೋದು), ಬೇರ್ (ಕರಡಿ) ಕೂಡ ನ್ಯೂಜಿಲೆಂಡಲ್ಲಿ ಎಷ್ಟೋ ಜನಕ್ಕೆ ಒಂದೇ.

ಅಮೆರಿಕದ ದಕ್ಷಿಣದಲ್ಲಿ ಬೇರೆ ಥರ: ಮ, ನ ಮುಂಚೆ ಮಾತ್ರ ಕಿಟ್, ಡ್ರೆಸ್ ಸೇರಿ ಹೋಗತ್ವೆ, ಪಿನ್ ಪೆನ್ ಒಂದೇ, ಅದಕ್ಕೇ ಅಲ್ಲಿ ಸ್ಪಷ್ಟವಾಗ್ಲಿ ಅಂತ 'ಇಂಕ್ ಪೆನ್' ಅಂತ ಹೇಳೋ ರೂಢಿ ಇದೆ. ಶಿಕಾಗೋ, ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಬಫಲೋ, ಈ ದೊಡ್ಡ ಸರೋವರಗಳ ದಂಡೆ ಊರುಗಳಲ್ಲಿ ಟ್ರ್ಯಾಪ್ ಮೇಲಕ್ಕೆ ಹೋಗಿ 'ಟ್ರಿಯಪ್' ಥರ ಆಯ್ತು, ಖಾಲಿಯಾದ ಜಾಗಕ್ಕೆ ಲಾಟ್ ಮುಂದೆ ಬಂತು, ಹಾಗಾಗಿ ಬ್ಲಾಕ್ ಅಂದ್ರೆ ಬೇರೆಯವ್ರಿಗೆ ಬ್ಲ್ಯಾಕ್ ಅಂತ ಕೇಳತ್ತೆ. ದಕ್ಷಿಣ ಆಫ್ರಿಕಾದಲ್ಲಿ ಕಿಟ್ ಗುಂಪೇ ಎರಡು ಹೋಳಾಗಿದೆ, ಕಿಟ್ ಮತ್ತೆ ಬಿಟ್ ಅಲ್ಲಿ ಪ್ರಾಸ ಆಗಲ್ಲ.

ಹೆಜ್ಜೆ 8: ಆರ್ ಅಕ್ಷರ ಗಮನಿಸಿ

ಇದು ವ್ಯಂಜನ ಆದ್ರೂ ಸ್ವರದ ಲೆಕ್ಕ ಬದಲಾಯಿಸತ್ತೆ. ಅಮೆರಿಕದ ಬಹುಪಾಲು, ಕೆನಡಾ, ಸ್ಕಾಟ್ಲೆಂಡ್, ಐರ್ಲೆಂಡಲ್ಲಿ ಕಾರ್, ನರ್ಸ್ ಅಂದಾಗ ರ ಕೇಳತ್ತೆ, ಇಂಗ್ಲೆಂಡಿನ ಬಹುಪಾಲು, ಆಸ್ಟ್ರೇಲಿಯಾ, ನ್ಯೂಜಿಲೆಂಡಲ್ಲಿ ಕೇಳಲ್ಲ. ರ ಬಿಟ್ಟೋದ ಕಡೆ ಕೋರ್ಟ್ ಮತ್ತೆ ಕಾಟ್ (ಹಿಡಿದ) ಒಂದೇ ಆಗತ್ವೆ. ಸ್ಕಾಟ್ಲೆಂಡಲ್ಲಿ ರ ಉಳಿದಿರೋದಲ್ದೆ ಅದರ ಹಿಂದಿನ ಸ್ವರಾನೂ ಉಳಿದಿದೆ, ಫರ್ನ್, ಫರ್ (ಮರ), ಫರ್ (ಪ್ರಾಣಿಯ ಕೂದಲು) ಎಷ್ಟೋ ಜನರ ಬಾಯಲ್ಲಿ ಇನ್ನೂ ಬೇರೆ ಬೇರೆ ಸ್ವರ.

ಇಷ್ಟು ಗೊತ್ತಾದ್ಮೇಲೆ ಹೊಸಬ್ರು ಮಾತಾಡೋವಾಗ ಹೀಗೆ ಜಾಲಾಡ್ಕೊಂಡು ಹೋಗಿ: ರ ಕೇಳ್ತಾ? ಕೇಳಿದ್ರೆ ಗೋ ನೆಟ್ಟಗಿದ್ಯಾ ನೋಡಿ, ನೆಟ್ಟಗಿದ್ದು ಗುಡ್-ಮೂಡ್ ಪ್ರಾಸ ಆದ್ರೆ ಸ್ಕಾಟ್ಲೆಂಡ್ ಕಡೆ ಯೋಚಿಸಿ, ಜಾರಿದ್ರೆ ಉತ್ತರ ಅಮೆರಿಕ, ಆಮೇಲೆ ರೈಡ್, ಅಬೌಟ್, ಪೆನ್ ಕೇಳಿ ಒಳಗಿನ ಪ್ರದೇಶ ಹುಡುಕಿ. ರ ಕೇಳ್ಲಿಲ್ಲ ಅಂದ್ರೆ ಕಪ್ ಕೇಳಿ, 'ಕುಪ್' ಆದ್ರೆ ಉತ್ತರ ಇಂಗ್ಲೆಂಡ್, ಇಲ್ಲ ಅಂದ್ರೆ ಡೇ ಎಷ್ಟು ಅಗಲ ಇದೆ, ಫಿಶ್ ಎಲ್ಲಿದೆ ಅಂತ ನೋಡಿ. ಬಹಳ ಜನಕ್ಕೆ ಇದು ಹೊಂದತ್ತೆ, ಎಲ್ರಿಗೂ ಅಲ್ಲ, ಊರು ಬದಲಾಯಿಸಿದವ್ರ ಸ್ವರ ಬೆರಕೆ ಆಗಿರತ್ತೆ. ವಯಸ್ಸೂ ಬದಲಾಯಿಸತ್ತೆ: ಧ್ವನಿವಿಜ್ಞಾನಿ ಜೋನಥನ್ ಹ್ಯಾರಿಂಗ್ಟನ್ ಮತ್ತವ್ರ ಜೊತೆಯವ್ರು ರಾಣಿ ಎರಡನೇ ಎಲಿಜಬೆತ್ ಅವರ 1950ರ ದಶಕದ ಮತ್ತೆ 1980ರ ದಶಕದ ಕ್ರಿಸ್‌ಮಸ್ ಭಾಷಣಗಳ ಸ್ವರ ಅಳೆದು 2000ನೇ ಇಸವಿಯಲ್ಲಿ ಪ್ರಕಟಿಸಿದ್ರು, ರಾಣಿಯ ಸ್ವರಗಳೂ ದಕ್ಷಿಣ ಇಂಗ್ಲೆಂಡಿನ ಸಾಮಾನ್ಯ ಜನರ ಮಾತಿನ ಕಡೆ ಸರಿದಿದ್ವು.

ಹೆಜ್ಜೆ 9: ಪ್ರಾಕ್ಟೀಸ್

ಸಿನಿಮಾ ನೋಡಿ ಕಲೀರಿ ಅನ್ನೋ ಸಲಹೆ ನಾನು ಮೊದಲಿಗೆ ಕೊಡಲ್ಲ, ನಟರು ಆಕ್ಸೆಂಟ್ ಹಾಕ್ತಿರ್ತಾರೆ, ಹಿಂದೆ ಮ್ಯೂಸಿಕ್ ಬೇರೆ. ಅಮೆರಿಕದ ಜಾರ್ಜ್ ಮೇಸನ್ ಯೂನಿವರ್ಸಿಟಿಯವ್ರ ಸ್ಪೀಚ್ ಆಕ್ಸೆಂಟ್ ಆರ್ಕೈವ್ ಇದೆ, ಫ್ರೀ. ಅದ್ರಲ್ಲಿ ಲೋಕದ ಎಲ್ಲಾ ಕಡೆಯ ಜನ ಒಂದೇ ಪುಟ್ಟ ಪ್ಯಾರಾ ಓದಿದಾರೆ, ಸ್ಟೆಲ್ಲಾ ಅನ್ನೋರಿಗೆ ಅಂಗಡಿಯಿಂದ ಏನೇನು ತರ್ಬೇಕು ಅಂತ ಹೇಳೋ ಪ್ಯಾರಾ. ವಾಕ್ಯ ಒಂದೇ ಆಗಿರೋದ್ರಿಂದ ವ್ಯತ್ಯಾಸ ಸ್ವರದ್ದೇ ಅಂತ ನೇರವಾಗಿ ಕೇಳತ್ತೆ. ಒಂದು ಊರಿನ ಮೂರ್ನಾಲ್ಕು ಜನರದ್ದು ಕೇಳಿ, ನಿಮ್ಮ ಹಾಳೇಲಿ ಪ್ರತಿ ಗುಂಪಿನ ಮುಂದೆ ಕೇಳಿಸಿದ ಹಾಗೆ ಕನ್ನಡದಲ್ಲೇ ಬರ್ಕೊಳ್ಳಿ, ಆಮೇಲೆ ಇನ್ನೊಂದು ಊರಿಗೆ ಹೋಗಿ. ಒಂದೊಂದು ಪದ ಬೇಕಾದ್ರೆ ವಿಡಿಯೋಗಳಲ್ಲಿ ಪದದ ಉಚ್ಚಾರಣೆ ಹುಡುಕಿ ಕೊಡೋ ವೆಬ್‌ಸೈಟ್ ಯೂಗ್ಲಿಷ್‌ನಲ್ಲಿ ದೇಶ ಆರಿಸ್ಕೊಂಡು ಹುಡುಕ್ಬಹುದು.

ಕಿವಿ ಮೇಲೆ ನಂಬಿಕೆ ಸಾಲ್ದು ಅನ್ನೋರು ಪ್ರಾಟ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಆಮ್‌ಸ್ಟರ್‌ಡ್ಯಾಮ್ ಯೂನಿವರ್ಸಿಟಿಯ ಪಾಲ್ ಬೂರ್ಸ್ಮಾ, ಡೇವಿಡ್ ವೇನಿಂಕ್ ಮಾಡಿರೋದು, ದುಡ್ಡಿಲ್ಲ. ಸ್ವರದ ಮಧ್ಯಭಾಗ ಸೆಲೆಕ್ಟ್ ಮಾಡಿ ಮೊದಲ ಎರಡು ಫಾರ್ಮೆಂಟ್ (ಸ್ವರದ ದನಿಯಲ್ಲಿ ಜೋರಾಗಿ ಮೊಳಗೋ ಫ್ರೀಕ್ವೆನ್ಸಿಗಳು) ನೋಡಿ. ಮೊದಲನೇದು ಬಾಯಿ ತೆರೆದಷ್ಟೂ ಏರತ್ತೆ, ಎರಡನೇದು ನಾಲಿಗೆ ಮುಂದೆ ಬಂದಷ್ಟೂ ಏರತ್ತೆ. 1952ರಲ್ಲಿ ಪೀಟರ್ಸನ್ ಮತ್ತೆ ಬಾರ್ನಿ ಅಮೆರಿಕದ 76 ಜನರ ಸ್ವರ ಅಳೆದಿದ್ರು, ಗಂಡಸರ ಸರಾಸರಿ 'ಈ' ಅನ್ನೋ ಸ್ವರಕ್ಕೆ 270 ಮತ್ತೆ 2290 ಹರ್ಟ್ಸ್, ಫಾದರಿನ ಆ-ಗೆ 730 ಮತ್ತೆ 1090, ಟ್ರ್ಯಾಪಿಗೆ 660 ಮತ್ತೆ 1720. ಸೆಟ್ಟಿಂಗಲ್ಲಿ ಫಾರ್ಮೆಂಟ್ ಮಿತಿ ಗಂಡು ದನಿಗೆ 5000, ಹೆಣ್ಣು ದನಿಗೆ 5500 ಇಡಿ, ಇಲ್ಲಾಂದ್ರೆ ನಂಬರ್ ಎಲ್ಲಾ ತಪ್ಪು ಬರತ್ತೆ.

ಹೆಜ್ಜೆ 10: ನೀವು ಯಾವ್ದು ಮಾತಾಡ್ಬೇಕು?

ಕೇಳೋಕೆ ಎಲ್ಲಾ ಊರೂ ಬೇಕು, ಮಾತಾಡೋಕೆ ಒಂದು ಸಾಕು. ಬಾತ್ ಉದ್ದ ಇಟ್ಟು ಲಾಟ್ ಅಮೆರಿಕದ್ದು ಇಟ್ಟು ಹಾಗೆ ಹೀಗೆ ಹಾರಾಡಿದ್ರೆ ಕೇಳೋರಿಗೆ ನಿಮ್ಮ ಸ್ವರಗಳ ಲೆಕ್ಕ ಸಿಗಲ್ಲ, ಯಾವ್ದೇ ಇರ್ಲಿ ಒಂದೇ ಥರ ಇಟ್ಕೊಳ್ಳಿ. ಜೆನಿಫರ್ ಜೆಂಕಿನ್ಸ್ ಅನ್ನೋ ಭಾಷಾವಿಜ್ಞಾನಿ 2000ನೇ ಇಸವಿಯಲ್ಲಿ ಬೇರೆ ಬೇರೆ ಭಾಷೆಯವ್ರು ಇಂಗ್ಲಿಷಲ್ಲಿ ಮಾತಾಡ್ಕೊಳ್ಳೋವಾಗ ಎಲ್ಲಿ ಅರ್ಥ ಕೆಡತ್ತೆ ಅಂತ ನೋಡಿ ಒಂದು ಪಟ್ಟಿ ಕೊಟ್ಟಿದ್ರು, ಅದ್ರಲ್ಲಿ ಸ್ವರದ ಬಗ್ಗೆ ಮುಖ್ಯವಾಗಿ ಇರೋದು ಎರಡೇ ವಿಷಯ. ಒಂದು, ಗಿಡ್ಡ-ಉದ್ದದ ವ್ಯತ್ಯಾಸ ಬಿಡ್ಬಾರ್ದು, ಶಿಪ್ ಬೇರೆ ಶೀಪ್ ಬೇರೆ, ಇದು ಕನ್ನಡದವ್ರಿಗೆ ಹುಟ್ಟಿಂದಾನೇ ಬಂದಿರತ್ತೆ. ಇನ್ನೊಂದು ನರ್ಸ್ ಗುಂಪು. ಬರ್ಡ್, ವರ್ಡ್, ಹರ್ಟ್, ಗರ್ಲ್, ಇವನ್ನ ಆ ಕಡೆ ಎಳೆದು 'ಹಾರ್ಟ್' ಅಂದ್ಬಿಟ್ರೆ ನೋವಾಯ್ತು ಅನ್ನೋದು ಹೃದಯ ಅಂತಾಗತ್ತೆ, ಹಾಗಾಗಿ ನಾಲಿಗೆ ಬಾಯಿ ಮಧ್ಯದಲ್ಲೇ ಸುಮ್ಮನೆ ಬಿಟ್ಟು, ಬಾಯಿ ಜಾಸ್ತಿ ತೆಗೀದೆ, ಅ-ನ ಸ್ವಲ್ಪ ಉದ್ದಕ್ಕೆ ಹಿಡಿದು ಹೇಳಿ. ರ ಸೇರಿಸೋದು ಬಿಡೋದು ನಿಮ್ಮಿಷ್ಟ, ಕೇಳೋರ ಅನುಕೂಲಕ್ಕೆ ಸೇರಿಸಿದ್ರೇ ಒಳ್ಳೇದು ಅಂತ ಜೆಂಕಿನ್ಸ್ ಅಭಿಪ್ರಾಯ, ನಂದೂ ಅದೇ.